ನೂರೆಂಟು ಮೊಳೆಯ ಮನೆ

ನಮ್ಮೂರಲ್ಲಿ ಮಧ್ಯಾಹ್ನ ಉಂಡು ಜನ ಅಡ್ಡಾದ್ರು ಅಂದ್ರೆ ಮನೆಗಳು ಎದ್ದು ಹೊರಡ್ತವೆ. ಓಡೋದೇನಿಲ್ಲ. ತುಂಬಿದ ಬಸುರಿ ನಡೆದ ಹಾಗೆ ನಿಧಾನಕ್ಕೆ, ಜಗಲಿ, ಹಿತ್ತಲು, ಒಗೆಯೋ ಕಲ್ಲು, ನುಗ್ಗೆಮರ ಎಲ್ಲ ಸೆರಗಿಗೆ ಕಟ್ಕೊಂಡು ಹೋಗ್ತವೆ. ಒಳಗೆ ಮಲಗಿದೋರಿಗೆ ಯಾರೋ ತೊಟ್ಟಿಲು ತೂಗ್ತಿದಾರೆ ಅನ್ನೋ ಹಾಗೆ ಒಂದು ಮಂಪರು. ನಾಲ್ಕು ಗಂಟೆಗೆ ಕಣ್ಣುಜ್ಜಿ ಕಿಟಕಿ ತೆಗೆದ್ರೆ ಬೆಳಗ್ಗೆ ಪಕ್ಕದಲ್ಲಿದ್ದ ಮನೆ ಇರಲ್ಲ, ಇನ್ಯಾರದ್ದೋ ಇರುತ್ತೆ. ಊರ ನಡುವಿನ ಹುಣಸೆಮರ, ಅದರ ಬುಡದ ಬಾವಿ, ಇವೆರಡು ಮಾತ್ರ ಇದ್ದಲ್ಲೇ ಇರ್ತವೆ. ಅವಕ್ಕೆ ಮಧ್ಯಾಹ್ನ ನಿದ್ದೆ ಬರಲ್ಲ, ಪಾಪ.

ನಾಲ್ಕು ಗಂಟೆಗೆ ಒಂದು ಪದ್ಧತಿ ಇತ್ತು. ಯಾವ ಗೋಡೆ ಹತ್ತಿರ ಬಂದು ನಿಂತಿದೆಯೋ ಆ ಗೋಡೆಗೆ ಮೂರು ಸಲ ತಟ್ಟೋದು. ಒಳಗಿಂದ "ಇವತ್ತು ಯಾರು?" ಅಂತ ಕೇಳ್ತಾರೆ. "ನಾವೇ" ಅನ್ನಬೇಕು. ಅಷ್ಟೇ. ಹೆಸರು, ಕುಲ, ಬೆಡಗು ಏನೂ ಇಲ್ಲ. ಆಮೇಲೆ ಮಧ್ಯಾಹ್ನ ಉಳಿದ ಸಾರೋ ಪಲ್ಯವೋ ಒಂದು ಬಟ್ಟಲಲ್ಲಿ ಕಿಟಕಿ ದಾಟುತ್ತೆ. ಮಾರನೇ ದಿನ ಪಕ್ಕದವರು ಬೇರೆ, ಹಾಗಾಗಿ ಬಟ್ಟಲು ವಾಪಸ್ ಕೊಡೋ ಮಾತೇ ಇಲ್ಲ. ಅದು ಮುಂದಿನವರಿಗೆ, ಅವರಿಂದ ಅದರ ಮುಂದಿನವರಿಗೆ. ನಾನು ಮೌನೇಶ, ಊರ ಆಚಾರಿ. ಮೊಳೆ ಬಡಿಯೋದು, ಪಾತ್ರೆ ಮೇಲೆ ಹೆಸರು ಕೊರೆಯೋದು, ಎರಡೂ ನಮ್ಮ ಅಪ್ಪನ ಕಾಲದಿಂದ ಬಂದ ಕೆಲಸ. ವಾಪಸ್ ಬರದ ಬಟ್ಟಲಿಗೆ ಹೆಸರು ಯಾಕಪ್ಪಾ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಉಣ್ಣೋವಾಗ ಯಾರನ್ನ ನೆನೀಬೇಕು ಅಂತ ಗೊತ್ತಾಗ್ಲಿ ಅಂತ ಕಣೋ" ಅಂದಿದ್ದ.

ಊರಲ್ಲಿ ಎರಡು ಥರದ ಜನ. ಹೊಸ್ತಿಲ ಮೇಲೆ ದೀಪ ಇಡೋರು ದೀಪದವರು. ದಾರಿಹೋಕರು ಕುಡೀಲಿ ಅಂತ ಹೊಸ್ತಿಲ ಪಕ್ಕ ನೀರಿನ ಕೊಡ ಇಡೋರು ಕೊಡದವರು. ಇಷ್ಟೇ ವ್ಯತ್ಯಾಸ. ನಾವು ದೀಪದವರು. ಬಾಯಾರಿದ್ರೆ ಅವರ ಬಾಗಿಲು, ಕತ್ತಲಾದ್ರೆ ನಮ್ಮ ಬಾಗಿಲು ಅಂತ ಊರು ಹೇಗೋ ಹೊಂದ್ಕೊಂಡಿತ್ತು.

ನಾನು ಹೇಳಬೇಕಾಗಿರೋದು ತಿಪ್ಪೇಶಿ ಕಥೆ. ನನ್ನ ವಾರಗೆಯವನು, ದೀಪದವರ ಹಾಲವ್ವನ ಮಗ. ಏಳು ವರ್ಷದವನಿದ್ದಾಗ ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ರೆ ಇವನು ಹುಣಸೆಕಾಯಿ ಆಸೆಗೆ ಹೊರಗೆ ಬಂದ. ಜೇಬು ತುಂಬಿಸ್ಕೊಂಡು ತಿರುಗಿ ನೋಡಿದ್ರೆ ಮನೆ ಇಲ್ಲ. ಹುಡುಕಿದ, ಅತ್ತ, ಮತ್ತೆ ಹುಡುಕಿದ. ಕೊನೆಗೆ ಕೊಡದವರ ಬೂದೆವ್ವನ ಜಗಲಿ ಮೇಲೆ ಬಿದ್ದ. ಬೂದೆವ್ವ ಆಗ ಹೊಸ ಮದುವಣಗಿತ್ತಿ, ಕೈಲಿನ್ನೂ ಹಸಿರು ಬಳೆ. ಏನೂ ಕೇಳದೆ ಮೊಸರನ್ನ ಕಲೆಸಿ ತನ್ನ ಹೆಸರಿನ ಹೊಸ ಬಟ್ಟಲಲ್ಲಿ ಹಾಕಿಕೊಟ್ಟಳು. ಮೂರು ದಿನ ಅಲ್ಲೇ ಇದ್ದ. ಮೂರನೇ ದಿನ ನಾಲ್ಕು ಗಂಟೆಗೆ ನೋಡಿದ್ರೆ ಪಕ್ಕದಲ್ಲಿ ಅವರದ್ದೇ ಮನೆ! ಬಟ್ಟಲ ಸಮೇತ ಓಡಿದ. ಒಳಗೆ ಹಾಲವ್ವ ಇನ್ಯಾವುದೋ ದಾರಿ ತಪ್ಪಿದ ಮಗುವಿಗೆ ಮುದ್ದೆ ಮುರಿದು ಹಾಕ್ತಿದ್ದಳು. ಇವನನ್ನ ನೋಡಿ "ಬಂದ್ಯಾ? ಕೈ ತೊಳ್ಕೊ" ಅಂದಳು.

"ನನ್ನ ಹುಡುಕಲಿಲ್ವಾ?" ಅಂದ.

"ಎಲ್ಲಿಗೆ ಹೋಗ್ತೀಯೋ, ಯಾರದ್ದೋ ಮನೇಲಿ ಉಂಡಿರ್ತೀಯ ಅಂತ ಗೊತ್ತಿತ್ತು."

ಹಾಲವ್ವನ ಮಾತಲ್ಲಿ ತಪ್ಪಿಲ್ಲ. ನಮ್ಮೂರಲ್ಲಿ ಯಾವ ತಾಯಿನೂ ಹುಡುಕಲ್ಲ. ಆದ್ರೆ ತಿಪ್ಪೇಶಿಗೆ ಆ ಮಾತು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಯ್ತು. ನನ್ನ ಯಾರೂ ಹುಡುಕಿಕೊಂಡು ಬರಲಿಲ್ಲ. ಜೀವಮಾನ ಪೂರ್ತಿ ಅವನು ಮಾಡಿದ ಭಾಷಣಗಳನ್ನೆಲ್ಲ ಹಿಂಡಿದ್ರೆ ಬರೋ ರಸ ಇದೊಂದೇ.

ಅವತ್ತಿಂದ ಅವನು ನಿದ್ದೆಗೆ ಹೆದರೋಕೆ ಶುರು ಮಾಡಿದ. ಹದಿನೈದನೇ ವಯಸ್ಸಲ್ಲಿ ಒಂದು ಮಧ್ಯಾಹ್ನ ಮಂಚಕ್ಕೆ ಕಾಲು ಕಟ್ಕೊಂಡು, ಮಂಚನ ಹಗ್ಗದಲ್ಲಿ ಹುಣಸೆಮರಕ್ಕೆ ಬಿಗಿದು ಮಲಗಿದ. ಮನೆ ತನ್ನ ಪಾಡಿಗೆ ತಾನು ಹೊರಟಿತು. ಎಚ್ಚರ ಆದಾಗ ಸುಡು ಬಿಸಿಲಲ್ಲಿ, ಬಟ್ಟ ಬಯಲಲ್ಲಿ, ಮಂಚದ ಮೇಲೆ ತಿಪ್ಪೇಶಿ ಒಬ್ಬನೇ. ಊರು ನಕ್ಕಿತು. ನಾನೂ ನಕ್ಕೆ. ಆಗ ನಗಬಾರದಿತ್ತು. ನಗಬೇಕಾದಾಗ ಯಾರೂ ನಗಲಿಲ್ಲ, ಅದು ಆಮೇಲಿನ ಮಾತು.

ಇಪ್ಪತ್ತಕ್ಕೆ ಯಾವುದೋ ಪ್ರವಚನದ ತಂಡದ ಹಿಂದೆ ಊರು ಬಿಟ್ಟ. ಹೋದವನು ಹಾಲವ್ವ ತೀರಿಹೋದ ಸುದ್ದಿಗೂ ಬರಲಿಲ್ಲ. ನಲವತ್ತೈದಕ್ಕೆ ಬಂದ, ಎದೆಯುದ್ದ ಗಡ್ಡ, ಮೊಣಕಾಲುದ್ದ ಜುಬ್ಬ, ಒಂದು ಮೈಕು. ಹೆಸರು ಸ್ಥಾವರಾನಂದ. ತಾಯಿಯ ಖಾಲಿ ಮನೆ ಸೇರ್ಕೊಂಡ. ನಾನು ಹಳೇ ಸಲಿಗೇಲಿ "ಏನೋ ತಿಪ್ಪೇಶಿ" ಅಂದೆ. "ಪೂಜ್ಯರೇ ಅನ್ನು" ಅಂದ. "ಆಯ್ತು, ಪೂಜ್ಯ ತಿಪ್ಪೇಶಿ" ಅಂದೆ. ಅವನು ನಗಲಿಲ್ಲ. ಕಡೇ ಪಕ್ಷ ಗಡ್ಡದ ಹೊರಗೆ ಏನೂ ಕಾಣಲಿಲ್ಲ.

ಸಾಯಂಕಾಲ ಐದಕ್ಕೆ ಹುಣಸೆಮರದ ಕೆಳಗೆ ಪ್ರವಚನ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಮಾತಾಡ್ತಿದ್ದ. ನಿದ್ದೆ ತಿಳಿಯಾದ ಹೊತ್ತು, ಎಳೆ ಬಿಸಿಲು, ಅವನ ದನಿ ಜೇನು ಸುರಿದ ಹಾಗೆ. "ಮರ ನೋಡಿ, ನಿಂತಿದೆ. ಬಾವಿ ನೋಡಿ, ನಿಂತಿದೆ. ನಿಂತಿರೋದು ಮಾತ್ರ ದೊಡ್ಡದಾಗುತ್ತೆ. ನಾವು ಯಾಕೆ ಅಲೀತಿದೀವಿ?" ಅಂತಿದ್ದ. ಜನಕ್ಕೆ ಅದುವರೆಗೂ ತಾವು ಅಲೀತಿದೀವಿ ಅಂತ ಗೊತ್ತೇ ಇರಲಿಲ್ಲ. ಹೇಳಿದ ಮೇಲೆ ಕಾಲು ನೋಯೋಕೆ ಶುರುವಾಯ್ತು.

ಆಮೇಲೆ ಜೇನಿಗೆ ನಿಧಾನಕ್ಕೆ ಕೊಂಡಿ ಬಂತು. ಒಂದು ಸಾಯಂಕಾಲ "ನಮ್ಮ ಮನೆ ಸುಮ್ಮನೆ ಅಲೀತಾವಾ? ಯಾರೋ ಎಳೀತಿದಾರೆ" ಅಂದ. ಮಾರನೇ ದಿನ "ಎಳೀತಿರೋರು ಯಾರು ಅಂತ ನಿಮಗೇ ಗೊತ್ತು" ಅಂದ. ನಮಗೆ ಗೊತ್ತಿರಲಿಲ್ಲ, ಆದ್ರೆ ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ, ತಲೆ ಆಡಿಸಿದ್ವಿ. ಅದರ ಮಾರನೇ ದಿನ ಲೆಕ್ಕ ಬಂತು. ಕೊಡದವರ ಮನೆ ನಮ್ಮ ಮನೆಗಿಂತ ದಿನಕ್ಕೆ ಅರ್ಧ ಗೇಣು ಜಾಸ್ತಿ ನಡೆಯುತ್ತಂತೆ, ಇನ್ನು ನಲವತ್ತು ವರ್ಷದಲ್ಲಿ ಅವರು ನಮ್ಮನ್ನ ಸುತ್ತುಹಾಕಿ ಬಾವಿ ಹಿಡೀತಾರಂತೆ. ಅಳೆದೋರು ಯಾರು? ಯಾರೂ ಇಲ್ಲ, ಅಳೆಯೋ ಹೊತ್ತಿಗೆ ಎಲ್ಲರೂ ಮಲಗಿರ್ತಾರೆ. "ಅದೇ ಅವರ ತಂತ್ರ" ಅಂದ. "ಕೊಡದವರು! ಹೆಸರಲ್ಲೇ ಇದೆ, ಏನನ್ನೂ ಕೊಡದವರು!" ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದೋರು ಹೊರಡೋವಾಗ ಬಾಯಾರಿಕೆ ಅಂತ ದಾರೀಲಿ ಕೊಡದವರ ನೀರೇ ಕುಡಿದು ಮನೆಗೆ ಹೋದ್ರು.

ಊರಧ್ಯಕ್ಷನ ಚುನಾವಣೆ ಬಂತು. ಇದ್ದ ಅಧ್ಯಕ್ಷ ಚೌಡಯ್ಯ, ಗುರುತು ತೊಟ್ಟಿಲು. ಅವನ ಒಂದೇ ಸಾಧನೆ ಅಂದ್ರೆ ಗಾಢ ನಿದ್ದೆ. ಎದುರಿಗೆ ಸ್ಥಾವರಾನಂದ, ಗುರುತು ಮೊಳೆ. ಗೆದ್ರೆ ದೀಪದವರ ಮನೆಗಳಿಗೆಲ್ಲ ಮೊಳೆ ಹೊಡೆದು ನೆಲಕ್ಕೆ ಬಿಗೀತೀನಿ, ಕೊಡದವರ ಮನೆಗೆ ಒಂದು ಮೊಳೆನೂ ಇಲ್ಲ, ಎಲ್ಲಿಗೆ ಹೋಗ್ತವೋ ಹೋಗಲಿ, ಇದು ಅವನ ಆಶ್ವಾಸನೆ. "ನೆರೆಯೇ ಹೊರೆ!" ಅಂತ ಗೋಡೆಗೋಡೆ ಮೇಲೆ ಬರೆಸಿದ. ಮತ ಕೇಳೋಕೆ ಅಂತ ಬಾಗಿಲಿಗೆ ಬರ್ತಿದ್ದ, ಮೊದಲು ನಿಮ್ಮದು ಯಾವ ಮತ ಅಂತ ಕೇಳ್ತಿದ್ದ. ಮನೆಗಳು ಅಲೆಯೋದ್ರಿಂದ ಒಂದೇ ಮನೆಗೆ ವಾರದಲ್ಲಿ ಮೂರು ಸಲ ಹೋದ. ಆ ಮನೆ ಯಜಮಾನಿ ನಾಗರತ್ನಕ್ಕ ಮೂರು ಸಲಾನೂ "ನಿಮಗೇ ಹಾಕ್ತೀನಿ ಸ್ವಾಮಿ" ಅಂದಳು. ಇವನು ಮೂರು ಓಟು ಅಂತ ಬರ್ಕೊಂಡ.

ಮೊಳೆ ಎಲ್ಲ ನನ್ನ ಕುಲುಮೇಲೇ ಆದವು. ಗೇಣುದ್ದ, ಹೆಬ್ಬೆರಳು ದಪ್ಪ. ಯಾಕೆ ಮಾಡಿದೆ ಅಂತ ಕೇಳಿದ್ರೆ ಹೇಳೋಕೆ ನನ್ನ ಹತ್ರ ನಾಲ್ಕು ಕಾರಣ ಇದ್ದವು, ಈಗ ಒಂದೂ ನೆನಪಿಲ್ಲ. ಮೌನೇಶ ಅಂತ ಹೆಸರಿಟ್ಟಿದ್ರು, ಹೆಸರು ಉಳಿಸಿದೆ. ಅವನ ಹಿಂದೆ ಒಂದಿಪ್ಪತ್ತು ಜನ 'ಮೊಳೆ ದಳ' ಅಂತ ಹಣೆಗೆ ಕಬ್ಬಿಣದ ಪುಡಿ ಬಳ್ಕೊಂಡು ಓಡಾಡೋಕೆ ಶುರು ಮಾಡಿದ್ರು. ಮೊದಲು ಕೊಡದವರನ್ನ ನೋಡಿ ಹಲ್ಲು ಕಡಿದ್ರು. ಆಮೇಲೆ ಕೊಡ ಒಡೆದ್ರು. ಹೊಸ್ತಿಲು ಹೊಸ್ತಿಲಿಗೂ ಹೋಗಿ ಸುತ್ತಿಗೇಲಿ ಒಂದೊಂದೇ ಒಡೆದ್ರು. ಒಂದು ಮನೆಯ ಮುದುಕ ಅಡ್ಡ ಬಂದಿದ್ದಕ್ಕೆ ಅವನ ಕೈಗೂ ಸುತ್ತಿಗೆ ಬಿತ್ತು, ಮೂರು ಬೆರಳು ಹೋದವು. ಆ ವಯಸ್ಸಲ್ಲೂ ಆಸೆಪಟ್ಟು ಅಂಗಡಿಗೆ ಬರ್ತಿದ್ದ, ಅವನಿಗೆ ನಾನು ಉಳಿ ಹಿಡಿಯೋದು ಕಲಿಸ್ತಿದ್ದೆ. ಆಮೇಲೆ ಅವನು ಬರಲಿಲ್ಲ, ನಾನೂ ಹೋಗಿ ನೋಡಲಿಲ್ಲ.

ಬೂದೆವ್ವಂಗೆ ಆಗ ಅರವತ್ತರ ಹತ್ತಿರ. ಅವಳ ಕೊಡ ಒಡೆದ ಸಾಯಂಕಾಲ ಅವಳ ಮನೆ ನನ್ನ ಮನೆ ಪಕ್ಕ ಬಂದು ನಿಂತಿತ್ತು. ಗೋಡೆ ತಟ್ಟಿದಳು. ಸ್ಥಾವರಾನಂದ ಮಾಡಿದ ಹೊಸ ನಿಯಮದ ಪ್ರಕಾರ "ಇವತ್ತು ಯಾರು?" ಅಂತ ಕೇಳೋ ಹಾಗಿಲ್ಲ, "ಹೆಸರು? ದೀಪವೋ ಕೊಡವೋ?" ಅಂತ ಕೇಳಬೇಕು. ನಾನು ಹಾಗೇ ಕೇಳಿದೆ. "ಕೊಡ ಇಲ್ಲ ಕಣಪ್ಪ, ಒಡೆದು ಹಾಕಿದಾರೆ. ಈಗ ನಾನು ಯಾರು ಅಂತ ನೀನೇ ಹೇಳು" ಅಂದಳು. ಹೆಸರುಬೇಳೆ ಪಾಯಸ ಮಾಡಿದ್ದಳು. ಕಿಟಕಿ ತೆಗೆಯೋಕೆ ನನಗೆ ಮುಖ ಇರಲಿಲ್ಲ.

ಮತದಾನಕ್ಕೆ ಎಂಟು ದಿನ ಮುಂಚೆ ಇನ್ನೊಂದು ಅಪ್ಪಣೆ ಆಯ್ತು. ಯಾರ ಬಟ್ಟಲು ಯಾರ ಮನೇಲಿದೆಯೋ ಎಲ್ಲ ವಾಪಸ್. "ಅವರ ಎಂಜಲು ಬಟ್ಟಲಲ್ಲಿ ಎಷ್ಟು ದಿನ ಉಣ್ತೀರಿ?" ಹುಣಸೆಮರದ ಕೆಳಗೆ ಬೆಟ್ಟದ ಹಾಗೆ ಪಾತ್ರೆ ಬಿದ್ದವು. ನಾನು ಒಂದೊಂದೇ ಎತ್ತಿ ಹೆಸರು ಓದೋದು, ಹೆಸರಿನವರು ಬಂದು ತಗೊಂಡು ಹೋಗೋದು. ಮೂವತ್ತು ವರ್ಷದ ಹಿಂದೆ ತವರಿಂದ ತಂದಿದ್ದ ಬಟ್ಟಲು ನೋಡಿ ನಾಗರತ್ನಕ್ಕ "ಇದೇನ್ರೀ, ನನ್ನದೇ ಹೆಸರು! ಈಗ ಉಣ್ಣೋವಾಗ ಯಾರನ್ನ ನೆನೀಲಿ?" ಅಂದಳು. ಜನ ನಕ್ಕರು. ಮೂರೇ ದಿನದಲ್ಲಿ ಊರಲ್ಲಿ ಎಲ್ಲರ ಹತ್ರ ಅವರವರ ಬಟ್ಟಲು ಬಂತು. ಅನ್ನ ಅದೇ, ಸಾರು ಅದೇ, ಯಾಕೋ ಉಪ್ಪು ಸಾಲದು ಅನ್ನೋರು ಎಲ್ಲರೂ.

ಒಂದು ಬಟ್ಟಲು ಮಾತ್ರ ಬರಲಿಲ್ಲ. ಅದು ಕಡೇ ದಿನ ಬೆಳಗ್ಗೆ ನನ್ನ ಅಂಗಡಿಗೆ ಬಂತು, ಜುಬ್ಬದ ಒಳಗೆ ಅಡಗಿ. ತಿಪ್ಪೇಶಿ ಒಬ್ಬನೇ ಬಂದಿದ್ದ. ಬಾಗಿಲು ಹಾಕಿ ಬಟ್ಟಲು ಕಬ್ಬಿಣ ಬಡಿಯೋ ಅಡಿಗಲ್ಲ ಮೇಲೆ ಇಟ್ಟ. ಅಂಚಲ್ಲಿ ಅಪ್ಪನ ಕೈಯ ಚುಕ್ಕಿಚುಕ್ಕಿ ಅಕ್ಷರ, ಬೂದೆವ್ವ.

"ಹೆಸರು ಕೆರೆದು ಹಾಕು" ಅಂದ.

"ವಾಪಸ್ ಕೊಟ್ಟುಬಿಡೋ. ನಿನ್ನದೇ ಕಾನೂನು."

"ಕೆರಿ ಅಂದೆ."

"ಬೇರೆ ಬಟ್ಟಲಿಲ್ವಾ ನಿನಗೆ? ಊರಿಗೇ ಬಟ್ಟಲು ಹಂಚಿದೋನು."

ಅವನು ಮೈಕಿಲ್ಲದ ದನಿಯಲ್ಲಿ, "ಇದರಲ್ಲಿ ಅಲ್ಲದೆ ನನಗೆ ಅನ್ನ ಇಳಿಯಲ್ಲ ಮೋನಾ. ಅಲ್ಲಿ ಇಲ್ಲಿ ಅಲೆದಾಗೆಲ್ಲ ಇದನ್ನೇ ಹೊತ್ಕೊಂಡು ತಿರುಗಿದೀನಿ. ಯಾರಿಗಾದ್ರೂ ಹೇಳಿದ್ಯೋ, ನಿನ್ನ ಮನೆಗೆ ಮೊಳೆ ಇಲ್ಲ" ಅಂದ.

ಕೆರೆದೆ. ಅರ ಹಾಕಿ ಉಜ್ಜಿದೆ. ಆದ್ರೆ ಅಪ್ಪ ಹೊಡೆದ ಚುಕ್ಕಿ ಆಳ. ನೇರ ನೋಡಿದ್ರೆ ಏನೂ ಇಲ್ಲ, ಬಟ್ಟಲು ಓರೆ ಮಾಡಿ ಬೆಳಕಿಗೆ ಹಿಡಿದ್ರೆ ಹೆಸರು ಎದ್ದು ಕಾಣ್ತಿತ್ತು. ಅವನು ನೇರ ನೋಡಿದ, ತೃಪ್ತಿಯಾಗಿ ಜುಬ್ಬದೊಳಗೆ ಇಟ್ಕೊಂಡ.

ಗೆದ್ದ. ಚೌಡಯ್ಯ ಸೋತಿದ್ದು ಚೌಡಯ್ಯಂಗೆ ಎದ್ದ ಮೇಲೆ ಗೊತ್ತಾಯ್ತು. ಮಾರನೇ ದಿನ ಬೆಳಗ್ಗಿಂದ ಮಧ್ಯಾಹ್ನದವರೆಗೂ ಊರು ಠಣ್ ಠಣ್ ಅಂತಾನೇ ಇತ್ತು. ದೀಪದವರ ಒಂದೊಂದು ಮನೆಗೂ ನಾಲ್ಕು ಮೂಲೇಲಿ ನಾಲ್ಕು ಮೊಳೆ. ಉಂಡ ಮೇಲೆ ಅವತ್ತು ನನಗೆ ನಿದ್ದೆ ಹತ್ತಲಿಲ್ಲ, ಕಿವಿ ತುಂಬ ಸುತ್ತಿಗೆ. ಕಿಟಕೀಲಿ ಕೂತು ಜನ್ಮದಲ್ಲಿ ಮೊದಲನೇ ಸಲ ಮನೆಗಳು ಹೋಗೋದನ್ನ ಎಚ್ಚರವಾಗಿ ನೋಡಿದೆ. ನಮ್ಮವು ಕದಲಲಿಲ್ಲ, ಒಂದು ಸಲ ನರಳಿದವು, ಅಷ್ಟೇ. ಕೊಡದವರ ಮನೆಗಳು ಎದ್ದವು. ಬಿಸಿಲಲ್ಲಿ ಹೆಂಚು ಮಿನುಗಿಸ್ತಾ, ನುಗ್ಗೆಮರ ತೂಗ್ತಾ, ಹುಣಸೆಮರ ದಾಟಿದವು. ಯಾವತ್ತೂ ಎಷ್ಟೇ ಅಲೆದ್ರೂ ನಾಲ್ಕು ಗಂಟೆಗೆ ಊರೊಳಗೇ ಇರ್ತಿದ್ದವು. ಅವತ್ತು ತಿರುಗಲಿಲ್ಲ. ಒಂದೊಂದು ಒಂದೊಂದು ದಿಕ್ಕಿಗೆ ಹೋದವು. ನಾನು ಕಬ್ಬಿಣದವನು, ವೇದಾಂತ ಗೊತ್ತಿಲ್ಲ. ಆದ್ರೆ ಅವತ್ತು ಅನ್ನಿಸ್ತು, ಮನೆಗಳು ಇಷ್ಟು ವರ್ಷ ಸುಮ್ಮನೆ ಅಲೀತಿರಲಿಲ್ಲ, ತಮ್ಮ ತಮ್ಮ ಬಟ್ಟಲು ಎಲ್ಲಿದೆ ಅಂತ ಹುಡುಕ್ತಾ ಸುತ್ತುತಿದ್ದವು. ಈಗ ಹುಡುಕೋಕೆ ಏನೂ ಉಳಿದಿರಲಿಲ್ಲ.

ಬೂದೆವ್ವ ಜಗಲಿ ಮೇಲೆ ಕೂತಿದ್ದಳು, ಎಚ್ಚರವಾಗೇ. ನನ್ನ ನೋಡಿ ಕೈ ಎತ್ತಿದಳು. "ಮೋನಾ, ನಾಲ್ಕು ಗಂಟೆಗೆ ಯಾರು ಸಿಕ್ತಾರೋ ನೋಡಣ!" ಬಸ್ಸು ಹತ್ತಿದೋರ ಹಾಗೆ ಕೂಗಿದಳು. ನಾನು ಏನಾದ್ರೂ ಅನ್ನಬೇಕಿತ್ತು. ಬಾಯಿ ತೆಗೆಯೋ ಹೊತ್ತಿಗೆ ಅವಳ ಮನೆ ಬೆಂಕಿಪೊಟ್ಟಣದಷ್ಟಾಗಿತ್ತು.

ಹದಿನೈದು ದಿನ ಹಬ್ಬ. ಎಲ್ಲ ನಮ್ಮವರೇ. ಬೆಳಗ್ಗೆ ಇದ್ದ ಪಕ್ಕದ ಮನೆ ಸಾಯಂಕಾಲಾನೂ ಅದೇ, ನಾಳೇನೂ ಅದೇ. ಹದಿನಾರನೇ ದಿನ ನಾಗರತ್ನಕ್ಕನ ಸೂರಿನ ನೀರು ಪಕ್ಕದವರ ಜಗಲಿಗೆ ಬೀಳುತ್ತೆ ಅಂತ ಜಗಳ ಆಯ್ತು. ಹಿಂದೆ ಆಗಿದ್ರೆ ಮಧ್ಯಾಹ್ನ ಒಂದು ನಿದ್ದೆ ತೆಗೆದಿದ್ರೆ ಜಗಳ ಎಲ್ಲೋ, ನಾವೆಲ್ಲೋ. ಈಗ ಜಗಳಕ್ಕೂ ಮೊಳೆ ಬಿದ್ದಿತ್ತು. ಇವರ ಕೋಳಿ, ಅವರ ಕೆಮ್ಮು, ಇನ್ನೊಬ್ಬರ ಒಗ್ಗರಣೆ ಘಾಟು, ಎಲ್ಲ ದಿನಾ ಅದೇ ಗೋಡೆ ದಾಟಿ ಬರೋದು. ಕುಡಿಯೋ ನೀರಿಗೆ ಎಲ್ಲರೂ ಬಾವಿಗೇ ಹೋಗಬೇಕು, ದಾರೀಲಿ ಒಂದು ಕೊಡ ಇಲ್ಲ. ಸ್ಥಾವರಾನಂದ ಮೈಕು ಹಿಡಿದ. "ನಮ್ಮೊಳಗೇ ಕಳ್ಳರಿದಾರೆ! ಹಿತ್ತಾಳೆ ದೀಪದವರು ಅಸಲಿ, ಮಣ್ಣಿನ ಹಣತೆಯವರು ನಕಲಿ!" ಅಂದ. ಮಣ್ಣಿನ ಹಣತೆಯವರು ಮಾರನೇ ಮಧ್ಯಾಹ್ನವೇ ನನ್ನ ಹತ್ರ ಮೊಳೆ ಕೀಳೋ ಚಿಮ್ಮಟ ಇಸ್ಕೊಂಡು ಹೋದ್ರು. ನಾಲ್ಕು ಗಂಟೆಗೆ ಅವರ ಬೀದಿ ಜಾಗದಲ್ಲಿ ಬರೀ ತೂತು.

ಆಮೇಲೆ ಹಿತ್ತಾಳೇಲೂ ಎಣ್ಣೆಯವರು, ತುಪ್ಪದವರು ಅಂತ ಆಯ್ತು. ಚಿಮ್ಮಟ ಮನೆಯಿಂದ ಮನೆಗೆ ಹೋಯ್ತು, ಹಿಂದೆ ಬಟ್ಟಲು ಹೋಗ್ತಿದ್ದ ಹಾಗೆ. ಒಂದು ಮನೆ ಹೊರಟಾಗೆಲ್ಲ ತಿಪ್ಪೇಶಿ ನನ್ನ ಕರೆದು ತನ್ನ ಮನೆಗೆ ಇನ್ನೊಂದು ನಾಲ್ಕು ಮೊಳೆ ಹೊಡೆಸ್ತಿದ್ದ. ಗೋಡೆಗೆ, ಕಂಬಕ್ಕೆ, ಹೊಸ್ತಿಲಿಗೆ. ಮೊಳೆ ದಳದವರು ಹೋದ ದಿನ ಬಾಗಿಲು ಮುಚ್ಚಿ ಚೌಕಟ್ಟಿಗೇ ಹೊಡಿ ಅಂದ. ಹೊರಗಿಂದ ನಾನು ಹೊಡೆದೆ, ಒಳಗಿಂದ ಅವನು ಹೊಡೆದ. ನೂರೆಂಟಾಯ್ತು. "ಶುಭ ಸಂಖ್ಯೆ" ಅಂತ ಒಳಗಿಂದ ಕೂಗಿದ. ಕಿಟಕೀಲಿ ನಾನೇ ಅನ್ನ ಕೊಡ್ತಿದ್ದೆ. ಆ ಕೆರೆದ ಬಟ್ಟಲು ಸರಳಿನ ಸಂದಿಯಿಂದ ಹೊರಗೆ ಚಾಚೋದು, ತುಂಬಿಸಿದ್ರೆ ಒಳಗೆ ಹೋಗೋದು.

ಕೊನೆಗೆ ಬಯಲಲ್ಲಿ ಉಳಿದಿದ್ದು ಹುಣಸೆಮರ, ಬಾವಿ, ಅವನ ಮನೆ, ನನ್ನ ಮನೆ. ನನ್ನ ನಾಲ್ಕು ಮೊಳೆ ನಾನೂ ಕಿತ್ತಿದ್ದೆ. ಮನೆ ಮಾತ್ರ ಏಳಲಿಲ್ಲ. ಮನೆಗಳಿಗೂ ನಾಚಿಕೆ ಇರುತ್ತೋ ಏನೋ. ದಿನಾ ಸಾಯಂಕಾಲ ಐದಕ್ಕೆ ಅವನು ಕಿಟಕಿಗೆ ಮೈಕು ಇಟ್ಟು ಪ್ರವಚನ ಮಾಡ್ತಿದ್ದ. ಕೇಳೋಕೆ ನಾನು, ಒಂದಷ್ಟು ಗೊರವಂಕ. "ಬಂಧುಗಳೇ, ಇವತ್ತು ನಾವು ಸಂಪೂರ್ಣ ಶುದ್ಧ!" ಅಂತಿದ್ದ. ಅದು ನಿಜವೇ. ಊರಲ್ಲಿ ಧೂಳು ಎಬ್ಬಿಸೋಕೂ ಯಾರೂ ಇರಲಿಲ್ಲ. ಒಂದೊಂದು ಸಲ ಮೈಕು ಆರಿಸೋದು ಮರೀತಿದ್ದ. ಆಗ ನಿದ್ದೆಗಣ್ಣಲ್ಲಿ ಅವನು ಮಾತಾಡಿಕೊಳ್ಳೋದು ಬಯಲಿಗೆಲ್ಲ ಕೇಳೋದು. "ಯಾರೂ ಹುಡುಕ್ಕೊಂಡು ಬರಲಿಲ್ವಲ್ಲ."

ಹೀಗಿರೋವಾಗ ಒಂದು ಮಧ್ಯಾಹ್ನ ಪಡುವಣ ದಿಕ್ಕಿನಲ್ಲಿ ಒಂದು ಚುಕ್ಕಿ ಕಾಣಿಸ್ತು. ಮಾರನೇ ಮಧ್ಯಾಹ್ನ ಸಾಸಿವೆ ಕಾಳಷ್ಟು. ಅದರ ಮಾರನೇ ದಿನ ಬೆಂಕಿಪೊಟ್ಟಣ. ದಿನಾ ಒಂದು ನಿದ್ದೆಯಷ್ಟು ಹತ್ತಿರ. ಬಿಸಿಲುಗುದುರೆಯಲ್ಲಿ ಒಂದು ಸಲ ಮುಳುಗೋದು, ಒಂದು ಸಲ ತೇಲೋದು, ಸಂಜೆ ಹಟ್ಟಿಗೆ ಬರೋ ಮುದಿ ಹಸು ಹಾಗೆ. ಏಳನೇ ದಿನಕ್ಕೆ ನುಗ್ಗೆಮರ ಕಾಣಿಸ್ತು. ತಿಪ್ಪೇಶಿನೂ ನೋಡಿದ. ಮೈಕಲ್ಲಿ "ಅತಿಕ್ರಮಣ! ಅತಿಕ್ರಮಣ!" ಅಂತ ಕೂಗಿದ. ಗೊರವಂಕ ಹಾರಿಹೋದವು. "ಮೋನಾ, ಯಾರದ್ದೋ ಅದು?" ಅಂತ ಆಮೇಲೆ ಮೆಲ್ಲಗೆ ಕೇಳಿದ. "ನೀನೇ ನೋಡು" ಅಂದೆ.

ಹನ್ನೊಂದನೇ ಮಧ್ಯಾಹ್ನ ನಾನು ಬೇಕು ಅಂತಾನೇ ಮಲಗಿದೆ. ನಾಲ್ಕು ಗಂಟೆಗೆ ಎದ್ದು ಕಿಟಕಿ ತೆಗೆದ್ರೆ ತಿಪ್ಪೇಶಿ ಗೋಡೆಗೆ ಭುಜ ತಾಗಿಸಿ ಬೂದೆವ್ವನ ಮನೆ ನಿಂತಿತ್ತು. ಹೊಸ್ತಿಲ ಪಕ್ಕ ಹೊಸ ಕೊಡ. ಅವಳು ಇಳಿದು ಬಂದು ಮೂರು ಸಲ ತಟ್ಟಿದಳು.

ಒಳಗೆ ಸದ್ದಿಲ್ಲ. ನಮ್ಮೂರಲ್ಲಿ ನಾಲ್ಕನೇ ಸಲ ತಟ್ಟೋ ಪದ್ಧತಿ ಇಲ್ಲ, ಅದು ಅವಮಾನ. ಅವಳು ತಟ್ಟಿದಳು. ಗಂಟಲು ಸರಿಮಾಡ್ಕೊಂಡ ಸದ್ದು ಬಂತು. "ಹೆಸರು? ದೀಪವೋ..." ಅಂತ ಶುರುವಾದ ದನಿ ಅಲ್ಲೇ ನಿಂತಿತು. ಆಮೇಲೆ ಗಡ್ಡ ಇನ್ನೂ ಬರದ ಒಂದು ದನಿ ಕೇಳ್ತು.

"ಇವತ್ತು ಯಾರು?"

"ನಾವೇ ಕಣೋ."

"ಬಟ್ಟಲು ಇಸ್ಕೊಂಡು ಹೋಗೋಕೆ ಬಂದ್ಯಾ?"

"ಹೂಂ, ಒಂದು ಬಟ್ಟಲಿಗೋಸ್ಕರ ಈ ವಯಸ್ಸಲ್ಲಿ ಅಷ್ಟು ದೂರದಿಂದ ಬರ್ತಾರೆ! ಮನೆ ಕರ್ಕೊಂಡು ಬಂತು, ಬಂದೆ. ಬಾಗಿಲು ತೆಗಿ, ಮೊಸರನ್ನ ಕಲೆಸಿದೀನಿ."

"ಬಾಗಿಲು ತೆಗೆಯೋಕಾಗಲ್ಲ. ಮೊಳೆ ಇದೆ."

"ಎಷ್ಟು?"

"ನೂರೆಂಟು."

ಬೂದೆವ್ವ ಸೆರಗಲ್ಲಿ ಮುಖ ಒರೆಸ್ಕೊಂಡು ಅವನ ಜಗಲಿ ಮೇಲೆ ಕೂತಳು, ಮೊಸರನ್ನದ ಬಟ್ಟಲನ್ನ ತೊಡೆ ಮೇಲೆ ಇಟ್ಕೊಂಡು. "ಕೀಳು. ಕೂತಿರ್ತೀನಿ" ಅಂದಳು. ಆಮೇಲೆ ನನ್ನ ಕಿಟಕಿ ಕಡೆ ತಿರುಗಿದಳು. "ಹೊಡೆದೋನು ನೀನಲ್ವಾ? ಏನ್ ನೋಡ್ತೀಯ, ಬಾ, ನೀನೂ ಕೀಳು. ಆ ಮುದುಕನ ಮೂರು ಬೆರಳು ವಾಪಸ್ ಅಂಟಿಸೋಕಾಗಲ್ಲ. ಇದಾದ್ರೂ ಆಗುತ್ತೆ."

ಹಳೇ ಚಿಮ್ಮಟ ಯಾವುದೋ ಮನೆ ಜತೆ ಎಲ್ಲಿಗೋ ಹೋಗಿತ್ತು. ಇಕ್ಕಳ ತಗೊಂಡು ಹೋದೆ. ಹೊರಗಿಂದ ನಾನು, ಒಳಗಿಂದ ಅವನು. ನಾನೇ ಬಡಿದ ಮೊಳೆ, ಚೆನ್ನಾಗೇ ಬಡಿದಿದ್ದೆ, ಒಂದೊಂದಕ್ಕೂ ಬೆವರು ಕಿತ್ತು ಬಂತು. ಒಳಗಿಂದ ಅವನು ಒಂದೊಂದು ಮೊಳೆಗೂ ಒಂದೊಂದು ಮಾತು ಸೇರಿಸ್ತಿದ್ದ. "ಇದು ಸೋಲಲ್ಲ!" ಅಂದ. "ಹೂಂ ಕಣಪ್ಪ" ಅಂದಳು ಬೂದೆವ್ವ. "ಇದು ತಾತ್ಕಾಲಿಕ ಕ್ರಮ!" ಅಂದ. "ತಾತ್ಕಾಲಿಕವೇ. ಕೀಳು" ಅಂದಳು. "ನಾಳೆ ಮತ್ತೆ ಹೊಡೀತೀನಿ!" "ನಾಳೆ ಎದ್ದಾಗ ಪಕ್ಕ ಯಾರಿರ್ತಾರೋ ಅವರನ್ನ ಕೇಳಿ ಹೊಡಿ."

ಅವತ್ತು ಮುಗೀಲಿಲ್ಲ. ಮಾರನೇ ದಿನ ಬೆಳಗ್ಗೆಯಿಂದ ಮತ್ತೆ ಶುರು ಮಾಡಿದ್ವಿ. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ನೂರೆಂಟರಲ್ಲಿ ಬಾಗಿಲಿನದು ಒಂದೇ ಮೊಳೆ ಉಳಿದಿತ್ತು. ಮೂರೂ ದಿನ ಬೂದೆವ್ವ ಹಗಲೆಲ್ಲ ಅದೇ ಜಗಲೀಲಿ ಕೂತಿದ್ದಳು, ಅವಳ ಮನೆಯೂ ಅಲ್ಲೇ ನಿಂತಿತ್ತು, ಮಧ್ಯಾಹ್ನ ಆದ್ರೂ ಹೊರಡಲಿಲ್ಲ. ಕೊನೇ ಮೊಳೆಗೆ ಇಕ್ಕಳ ಹಾಕೋವಾಗ ಒಳಗೆ ಸದ್ದು ನಿಂತುಹೋಯ್ತು. ಭಾಷಣ ಇಲ್ಲ, ಬಡಿತ ಇಲ್ಲ. ಹೆದರಿಕೆ ಆಗಿ ಸಂದೀಲಿ ಇಣುಕಿದೆ. ತಿಪ್ಪೇಶಿ ಬಾಗಿಲಿಗೆ ಒರಗಿ, ಕೆರೆದ ಬಟ್ಟಲನ್ನ ಎದೆ ಮೇಲೆ ಇಟ್ಕೊಂಡು ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು. ಸಂದಿಯ ಬೆಳಕು ಬಟ್ಟಲ ಮೇಲೆ ಓರೆಯಾಗಿ ಬಿದ್ದು ಹೆಸರು ಓದೋ ಹಾಗಿತ್ತು.

"ಮಲಗಿದಾನೆ" ಅಂದೆ.

"ಏಳಿಸಬೇಡ" ಅಂದಳು ಬೂದೆವ್ವ. "ಎದ್ದ ಮೇಲೆ ಕೈ ತೊಳ್ಕೊಂಡು ಉಣ್ಣಲಿ."

ನಾನು ಸದ್ದಾಗದ ಹಾಗೆ ಕೊನೇ ಮೊಳೆ ಎಳೆದೆ. ಬಿಸಿಲು ಮಂಪರು ಹಿಡಿಸೋ ಹಾಗಿತ್ತು. ಬೂದೆವ್ವನೂ ಕೂತಲ್ಲೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ನಾನು ಇಕ್ಕಳ ಕೆಳಗಿಟ್ಟು ಅವಳ ಪಕ್ಕ ಕೂತೆ. ನನಗೂ ರೆಪ್ಪೆ ಎಳೀತಿತ್ತು. ಆಗ ಕೆಳಗೆ ಜಗಲಿ ಒಂದು ಸಲ ಮಿಸುಕಾಡ್ತು, ಮಲಗಿದ ಹಸು ನೊಣಕ್ಕೆ ಕಿವಿ ಅಲ್ಲಾಡಿಸಿದ ಹಾಗೆ. ಆಮೇಲೆ ಹುಣಸೆಮರ ನಿಧಾನಕ್ಕೆ ಹಿಂದಕ್ಕೆ ಹೋಗೋಕೆ ಶುರುವಾಯ್ತು.